ಕಿಟಕಿಯ ಬಾಟಲಿಯ ನೀರು

ಬಳೆ ಸದ್ದಾಯಿತು, ಸೊಸೆ ಎದ್ದಳು, ಇನ್ನು ನೆಟ್ಟಗೆ ಅಡುಗೆಮನೆ ಕಿಟಕಿಗೇ ಬರುತ್ತಾಳೆ, ದೇವರಿಗೆ ಕೈಮುಗಿಯೋದು ಆಮೇಲೆ, ಮೊದಲು ಆ ಬಾಟಲಿ — ತವರಿಗೆ ಹೋಗಿ ಬರುವ ಸೊಸೆಯಂದಿರು ಚಕ್ಕುಲಿ ತರುತ್ತಾರೆ, ನಮ್ಮ ಅಲಮೇಲು ರಾಮೇಶ್ವರದ ಕಡೆಯಿಂದ ಮತ್ತಿಕೆರೆಗೆ ತಂದದ್ದು ಹಾರ್ಲಿಕ್ಸ್ ಬಾಟಲಿ ತುಂಬ ಸಮುದ್ರದ ನೀರು, ಒಳಗೊಂದು ಕಲ್ಲು, ಕಲ್ಲಿಗೆ ಕಚ್ಚಿಕೊಂಡ ಕೆಂಪು ಎಲೆ. ಕಡಲಪಾಚಿ ಅತ್ತೆ, ಗಿಡದ ಥರಾನೇ, ಅಂದಳು. ಬೇರು ಎಲ್ಲಿ ಅಂದೆ. ಬೇರಿಲ್ಲ, ಬುಡದಿಂದ ಕಲ್ಲು ಹಿಡ್ಕೊಂಡಿರುತ್ತೆ ಅಷ್ಟೆ, ಊಟವೆಲ್ಲ ಮೈಯಿಂದಲೇ, ಉಪ್ಪುನೀರು ಬಿಸಿಲು ಇದ್ರೆ ಸಾಕು. ಮಣ್ಣಿಲ್ಲ, ಬೇರಿಲ್ಲ, ಬಾಯಿಲ್ಲದೆ ಉಣ್ಣುತ್ತೆ, ಯಾರ ಕಿವಿಗೆ ಹೂವಿಡುತ್ತಾಳೆ ಇವಳು. ಹಾಲು ತರುವ ಗಂಗರತ್ನಮ್ಮ ಬಗ್ಗಿ ನೋಡಿ, ಇದು ಮೀನಿನ ಜಾತಿನೇ ಕಣ್ ಸತ್ಯವತಮ್ಮ, ನಮ್ ಕೆರೆ ಪಾಚಿ ಇಂಗಿರಲ್ಲ, ಅಂದಳು, ಅವತ್ತಿಂದ ನನಗೆ ಆ ಮೂಲೆಯಲ್ಲಿ ಮೀನಿನ ವಾಸನೆ, ಮಡಿಯಲ್ಲಿ ಅನ್ನ ಬಸಿಯುವ ಜಾಗ, ಪಕ್ಕದಲ್ಲೇ ಅದು.

ಅದಕ್ಕಿಂತ ಆ ಬೆರಳು. ದಿನಾ ಬೆಳಿಗ್ಗೆ ನೀರಿಗೆ ಬೆರಳದ್ದಿ ನಾಲಗೆಗಿಡುತ್ತಾಳೆ, ಎಂಜಲು ಮುಸುರೆ ಅನ್ನೋದೇ ಇಲ್ಲ, ನೀರು ಆರಿದ್ರೆ ಉಪ್ಪು ಹೆಚ್ಚುತ್ತೆ ಅತ್ತೆ, ನೋಡ್ಬೇಕು, ಅಂತ ಒಂದೆರಡು ಚಮಚ ಬಾವಿನೀರು ಬೆರೆಸಿ ತಮಿಳಿನಲ್ಲಿ ಏನೋ ಪಿಸಪಿಸ — ನನ್ನ ಮೇಲೆ ಚಾಡಿಯೇ ಇರಬೇಕು, ಇನ್ನೇನು. ಮಗ ಸೇತುವಿಗೆ ಹೇಳಿದರೆ ನಗುತ್ತಾನೆ. ನಿನ್ನೆ ಇಬ್ಬರೂ ಹೆಬ್ಬಾಳಕ್ಕೆ ಹೋದದ್ದೇ ತಡ ಆ ನೀರನ್ನು ಬಚ್ಚಲಿಗೆ ಸುರಿದೆ, ಬಾವಿನೀರು ತುಂಬಿ ತುಳಸಿದಳ ಅದ್ದಿ ಶುದ್ಧಿ ಮಾಡಿದೆ, ಚಮಚದಲ್ಲಿ ಕುಡಿಯುವುದು ಬಾಟಲಿ ತುಂಬ ಕುಡಿಯಲಾರದೇ, ಗಿಡವೇ ಆದರೆ ಬದುಕಿಕೊಳ್ಳಲಿ. ಸಂಜೆ ಬತ್ತಿ ಹೊಸೆಯುತ್ತ ತಾನಾಗೇ ಅಂದಳು, ಅಪ್ಪ ತೀರಿಕೊಳ್ಳೋಕೆ ಎಂಟು ದಿನ ಮುಂಚೆ ಸೊಂಟದ ತನಕ ಇಳಿದು ತುಂಬಿಕೊಟ್ಟ ನೀರು ಅತ್ತೆ ಅದು. ಬೇಕಂತಲೇ ಹೇಳಿದಳಾ, ಗೊತ್ತಾಗಿಬಿಟ್ಟಿದೆಯಾ, ಇಲ್ಲ, ಗೊತ್ತಿದ್ದರೆ ನನ್ನ ತೊಡೆಗೆ ಒರಗಿ ಕೂರುತ್ತಿದ್ದಳೇ — ನನಗೆ ನಾಚಿಕೆಯಾಯಿತು, ಬಚ್ಚಲಿಗೆ ಹೋದ ನೀರನ್ನು ಎಲ್ಲಿಂದ ತರಲಿ. ಬೆಳಗಾಗುವ ಮೊದಲೇ ಎದ್ದು ನೋಡಿದರೆ ಎಲೆ ಬಿಳುಚಿ ಲೋಳೆಯಾಗಿದೆ, ನೀರೆಲ್ಲ ಗುಲಾಬಿ, ಬುಡ ಮಾತ್ರ ಕಲ್ಲನ್ನು ಬಿಟ್ಟಿಲ್ಲ. ಹಿಡಿ ಹರಳುಪ್ಪು ಹಾಕಿದೆ, ಕರಗದೆ ತಳದಲ್ಲೇ ಕೂತಿದೆ ಹಾಳಾದ್ದು, ಬಂದಳು, ಬಣ್ಣ ನೋಡಿದಳು, ಉಪ್ಪಿನ ಹರಳು ನೋಡಿದಳು, ಕೇಳೇ ಅಲಮೇಲು, ಒಂದು ಮಾತು ಕೇಳು — ಅನ್ನುವಷ್ಟರಲ್ಲೇ ಬೆರಳದ್ದಿದಳು, ಬೆರಳು ನಾಲಗೆಯ ಮೇಲೆ, ನನ್ನನ್ನೇ ನೋಡುತ್ತಿದ್ದಾಳೆ, ತೆಗೆಯುತ್ತಿಲ್ಲ, ಬೆರಳು ನಾಲಗೆಯ ಮೇಲೆ