ಭಾವನವರ ಹಸಿರು ಅವಸರ

ಊರಿನ ಲಿಫ್ಟುಗಳನ್ನು ರಿಪೇರಿ ಮಾಡಿಯೇ ಸಂಸಾರ ಸಾಗಿಸಿದ ನಮ್ಮ ಭಾವನವರು, ಪರೀಕ್ಷೆಗಲ್ಲದೆ ತಾವಾಗಿ ಲಿಫ್ಟಿನೊಳಗೆ ಕಾಲಿಟ್ಟವರಲ್ಲ. ಗುಂಡಿ ಒತ್ತಿ, ಅದು ಗಜಗಮನದಲ್ಲಿ ಇಳಿದು ಬರುವ ತನಕ ನಿಲ್ಲುವುದೆಂದರೆ ಅವರಿಗೆ ಸಾಕ್ಷಾತ್ ಸೆರೆವಾಸ. ಎರಡೆರಡು ಮೆಟ್ಟಿಲು ಹಾರುತ್ತ ಅವರು ಹತ್ತುವಾಗ ನೀಲಿ ಕೋಟಿನ ಜೇಬುಗಳಲ್ಲಿದ್ದ ಸ್ಪ್ಯಾನರು, ಸ್ಕ್ರೂಡ್ರೈವರು, ನಟ್ಟುಬೋಲ್ಟುಗಳೆಲ್ಲ ಝಣಝಣಿಸಿ, ಮನುಷ್ಯ ಕಾಣುವ ಮೊದಲೇ ಸದ್ದು ಬಂದು, ಸದ್ದು ಅಡಗುವ ಮೊದಲೇ ಮನುಷ್ಯ ಮಾಯವಾಗಿರುತ್ತಿದ್ದರು. ಮಾತೂ ಹಾಗೆಯೇ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಷ್ಟೆ. ಅದು ಬರುವ ಹೊತ್ತಿಗೆ ಭಾವನವರು ಬೇರೆ ಕೋಣೆಯಲ್ಲಿ. ಕರ್ತೃ ಅಡುಗೆಮನೆಯಲ್ಲಿ, ಕ್ರಿಯೆ ಬಚ್ಚಲಲ್ಲಿ. ಕರ್ಮ ಮಾತ್ರ ನಮ್ಮ ಅಕ್ಕನದು.

ಇಂಥವರಿಗೆ ಡಾಕ್ಟರು ಹಸಿ ತರಕಾರಿ ತಿನ್ನಿ ಎಂದರೆ, ಅವರು ಅದನ್ನು ಕುಡಿಯತೊಡಗಿದ್ದರಲ್ಲಿ ಆಶ್ಚರ್ಯವೇನು? ಯಾರ ಮಾತಿಗೂ ಸೊಪ್ಪು ಹಾಕದ ಮನುಷ್ಯ ಬೆಳಗಾದರೆ ಮಿಕ್ಸಿಗೆ ಸೊಪ್ಪು ಹಾಕುತ್ತ ನಿಂತರು. ನಿಂತರು ಎಂದದ್ದು ಮಾತಿಗೆ. ಪಾಲಕ್ಕು, ಸೌತೆ, ಸಿಪ್ಪೆಸಮೇತ ಸೇಬು, ತುಸು ನಿಂಬೆರಸ ಒಳಗೆ ಬಿದ್ದು ಮಿಕ್ಸಿ ಗರ್ಜಿಸುತ್ತಿದ್ದರೆ, ಒಂದು ಕೈ ಮುಚ್ಚಳದ ಮೇಲೆ, ಇನ್ನೊಂದು ಕೈ ಕಿಟಕಿಯ ಸಡಿಲ ಕೊಂಡಿಯ ಮೇಲೆ. ಆಮೇಲೆ ಆ ಸ್ಮೂದಿಯ ಲೋಟ ಹಿಡಿದು ಮನೆಯೆಲ್ಲ ಪ್ರದಕ್ಷಿಣೆ; ಹಸಿರು ಮೀಸೆ ಒಣಗುವ ಮುನ್ನ ಬಾಗಿಲ ಸದ್ದು.

ಅಕ್ಕ ಇದಕ್ಕೆ ತದ್ವಿರುದ್ಧ. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟುವುದು ಅವಳ ಕೆಲಸ. ಮೇಜಿನ ಮುಂದೆ ಕೂತು, ಬಟ್ಟಲು ತುಂಬ ಸಲಾಡ್ ಇಟ್ಟುಕೊಂಡು, ಕ್ಯಾರೆಟ್ಟಿನ ಒಂದೊಂದು ಹೋಳನ್ನೂ ಹಳೆಯ ಪುಟ ತಿರುವಿದಷ್ಟು ಜೋಪಾನವಾಗಿ ಅಗಿಯುತ್ತಿದ್ದಳು.

"ರೀ, ಎದುರಿಗೆ ಕೂತು ಅಗಿದು ತಿನ್ನಿ. ಹಲ್ಲು ಯಾಕಿರೋದು?"

"ಕಿರಿಯೋಕೆ! ಅದೇ ಎಲೆ, ಅದೇ ನಾರು. ನೀನು ಮೆಟ್ಟಿಲು ಹತ್ತಿ ಹೋಗ್ತೀಯ, ನಾನು ಲಿಫ್ಟಲ್ಲಿ..." ಉಳಿದದ್ದು ಬಚ್ಚಲಿನಿಂದ.

ಈ ಪರ್ಣಯುದ್ಧ ಬರಬರುತ್ತ ಮೌನಕ್ಕೆ ತಿರುಗಿತು. ಕೆಲದಿನ ಇದ್ದು ಹೋಗಲು ಬಂದಿದ್ದ ನನ್ನನ್ನು ಭಾವನವರು ಮೆಟ್ಟಿಲ ಮೇಲೆ ತಡೆದು, "ನಿಮ್ಮಕ್ಕ ನನ್ನ ಹತ್ರ ಮಾತು ಬಿಟ್ಟಿದಾಳೆ ಕಣಮ್ಮ. ಏನು ಕೇಳಿದ್ರೂ ಉತ್ತರ ಇಲ್ಲ. ಒಂದು ಲೋಟ ಸೊಪ್ಪಿನ ರಸಕ್ಕೆ ಇಷ್ಟು ಸಿಟ್ಟು ಮಾಡ್ಕೊಳ್ತಾರಾ?" ಎಂದರು. ಕ್ರಿಯಾಪದದ ತನಕ ನಿಂತು ಅವರಾಡಿದ ಮಾತನ್ನು ನಾನು ಕೇಳಿದ್ದು ಅದೇ ಮೊದಲು; ನನಗೆ ನಿಜಕ್ಕೂ ಭಯವಾಯಿತು.

ಮರುದಿನ ರಾಜಿ ಮಾಡಿಕೊಳ್ಳಲೆಂದು ಅವರೊಂದು ಉಪಾಯ ಹೂಡಿದರು. ಸ್ಮೂದಿಯನ್ನು ಬಟ್ಟಲಿಗೆ ಸುರಿದು, ಮೇಲೆ ಸೌತೆಯ ಹೋಳು ತೇಲಿಬಿಟ್ಟು, ಚಮಚ ನೆಟ್ಟು, ಅಕ್ಕನ ಬೆನ್ನ ಹಿಂದಿನಿಂದ "ನೋಡೇ, ಸಲಾಡು!" ಎಂದು ಘೋಷಿಸಿದರು. ಅಕ್ಕ ತಲೆಯೆತ್ತಲಿಲ್ಲ. ಭಾವನವರು ಮುಖ ಸಣ್ಣಗೆ ಮಾಡಿಕೊಂಡು ಬಟ್ಟಲು ಹಿಡಿದೇ ಮನೆ ಸುತ್ತಿದರು. ನೆಲದುದ್ದಕ್ಕೂ ಹಸಿರು ಚುಕ್ಕಿಗಳು.

ಅದರ ಮರುಬೆಳಗ್ಗೆ ಮಿಕ್ಸಿಯ ಕಪ್ಲರ್ ಸವೆದು ಜಾರಿನ ಬ್ಲೇಡು ತಿರುಗುವುದನ್ನೇ ಬಿಟ್ಟಿತು. ಬಿಡಿಭಾಗ ಬೇಕೆಂದರೆ ಅಂಗಡಿ ತೆರೆಯಬೇಕು. ನಾನು ಸಲಾಡಿನ ಬಟ್ಟಲೊಂದನ್ನು ಅವರತ್ತ ತಳ್ಳಿದೆ. ಬಸ್ಸಿಗೆ ಕಾಯುವವರಂತೆ ಕುರ್ಚಿಯ ಅಂಚಿಗೆ ಕೂತು, ಬಾಯಿಗೊಂದು ಹಿಡಿ ಎಲೆ ತುರುಕಿಕೊಂಡು, "ಏನೇ, ಇನ್ನೂ ಸಿಟ್ಟಾ?" ಎಂದರು.

"ಬಾಯಲ್ಲಿಟ್ಕೊಂಡು ಮಾತಾಡ್ಬೇಡಿ, ಗೊತ್ತಾಗಲ್ಲ," ಎಂದಳು ಅಕ್ಕ.

ಭಾವನವರು ಸಭ್ಯತೆಗೆಂದು ಬಾಯಿಗೆ ಕೈ ಅಡ್ಡ ಹಿಡಿದು ಮತ್ತೆ ಕೇಳಿದರು. ಅಕ್ಕ ಮೇಜಿನಾಚೆಯಿಂದ ಬಗ್ಗಿ ಆ ಕೈಯನ್ನು ಕೆಳಗೆಳೆದಳು. "ಹಿಂಗೆ ಮುಚ್ಕೊಂಡ್ರೆ ಹೆಂಗ್ರೀ?"

ಅವರ ದವಡೆ ನಿಂತಿತು. ಮೆಲ್ಲನೆದ್ದು, ಅವಳ ಕುರ್ಚಿಯ ಹಿಂದೆ ಹೋಗಿ, "ಉಪ್ಪು ಕೊಡ್ತೀಯಾ?" ಎಂದರು. ಅಕ್ಕ ಕ್ಯಾರೆಟ್ ಅಗಿಯುತ್ತಿದ್ದಳು. ಇನ್ನಷ್ಟು ಗಟ್ಟಿಯಾಗಿ ಕೇಳಿದರು. ಅಗಿಯುತ್ತಲೇ ಇದ್ದಳು. ಮುಂದೆ ಬಂದು, ಬಗ್ಗಿ, ಸದ್ದೇ ಇಲ್ಲದೆ ಬರಿಯ ತುಟಿಯಾಡಿಸಿದರು.

ಅಕ್ಕ ಉಪ್ಪಿನ ಡಬ್ಬಿ ಎತ್ತಿ ಕೊಟ್ಟಳು.

ಎಲ್ಲರೂ ಪಿಸುಗುಟ್ಟುವ ಜಾಗದಲ್ಲಿ ದುಡಿಯುವವಳ ಕಿವಿ ಮಂದವಾದರೆ ಯಾರಿಗೆ ತಿಳಿಯಬೇಕು? ನಾನೋ ಎದುರಿಗೆ ಕೂತೇ ಹರಟುವವಳು, ನನಗೂ ತಿಳಿದಿರಲಿಲ್ಲ. ಆದರೆ ಕೆಳಗೆ ನಿಂತು ಮೇಲಿನ ಮಹಡಿಯಲ್ಲಿ ಲಿಫ್ಟಿನ ಬೇರಿಂಗು ಸವೆದದ್ದನ್ನು ಸದ್ದಿನಲ್ಲೇ ಹೇಳಬಲ್ಲ ಮನುಷ್ಯ, ಉಪ್ಪಿನ ಡಬ್ಬಿ ಹಿಡಿದು ತಪ್ಪಿತಸ್ಥನಂತೆ ನಿಂತುಬಿಟ್ಟರು.

"ಯಾವಾಗಿಂದ? ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಾಯಿ ತೆಗೆದಾಗೆಲ್ಲ ನೀವು ಬಚ್ಚಲಲ್ಲಿ. ಎದುರಿಗೆ ಕೂತ್ರೆ ತಾನೇ ನಂಗೆ ಕೇಳ್ಸೋದು? ಅದಕ್ಕೇ ಸಲಾಡು ಸಲಾಡು ಅಂತ ಬಡ್ಕೊಂಡಿದ್ದು. ಸಲಾಡು ಹಿಡ್ಕೊಂಡು ಯಾರೂ ಓಡಾಡಲ್ವಲ್ಲ!"

"ನಾನು... ನೀನು ಮಾತು ಬಿಟ್ಟಿದೀಯ ಅಂತ..."

"ಬಿಟ್ಟಿದ್ದು ನಾನಲ್ಲ, ಮಾತು," ಎಂದು ಅಕ್ಕ ನಕ್ಕಳು. ಭಾವನವರು ನಗಲಿಲ್ಲ.

ಸಂಜೆ ಕಪ್ಲರ್ ಬಂತು. ಅದಕ್ಕೂ ಮೊದಲೇ ಕಿವಿಯ ಡಾಕ್ಟರ ಸಮಯ ಗೊತ್ತುಮಾಡಿಯಾಗಿತ್ತು. ಮಿಕ್ಸಿಯನ್ನು ಅಟ್ಟಕ್ಕೆ ಹಾಕುತ್ತೇನೆಂದು ಏಣಿ ಹತ್ತಿದವರನ್ನು ಇಳಿಸಿದ್ದು ಅಕ್ಕನೇ. ಎದುರು ಕೂತು ಅಗಿದ ಆ ಒಂದೇ ಬೆಳಗಿನಲ್ಲಿ ಅವಳಿಗೊಂದು ಸತ್ಯ ಹೊಳೆದಿತ್ತು: ಮೆಲುಕು ಹಾಕುವ ಬಾಯನ್ನು ಓದುವುದು ಬ್ರಹ್ಮನಿಂದಲೂ ಆಗದು. "ನೀವು ರಸಾನೇ ಕುಡೀರಿ. ಗುಟುಕಿನ ಮಧ್ಯೆ ಬಾಯಿ ಖಾಲಿ ಇರತ್ತೆ. ಆದ್ರೆ ಕೂತು ಕುಡೀರಿ." ಹೀಗೆ ವಾದದಲ್ಲಿ ಗೆದ್ದದ್ದು ಸ್ಮೂದಿ, ಕುರ್ಚಿಗೆ ಕಟ್ಟಿಬಿದ್ದದ್ದು ಭಾವನವರು. ಈಗ ಅವರು ಕೂರುತ್ತಾರೆ. ಕಿಟಕಿ ಗಾಳಿಗೆ ಬಡಿದರೆ ಕಣ್ಣು ಅತ್ತ ಹಾರುತ್ತದೆ, ಕೈ ಮೇಜಿನಂಚಿನ ತಿರುಪನ್ನು ತಡಕುತ್ತದೆ, ಮೊಣಕಾಲು ಕುಣಿದು ಬಟ್ಟಲುಗಳೆಲ್ಲ ಕಟಕಟ ಎನ್ನುತ್ತವೆ. ಆದರೂ ವಾಕ್ಯ ಮುಗಿಯುವ ತನಕ ಮುಖ ಅಲ್ಲಾಡದು.

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಈ ಕುಲದವರನ್ನು ಮಮತೆಯಿಲ್ಲದವರೆಂದು ನಾವು ಸುಲಭವಾಗಿ ತಳ್ಳಿಹಾಕುತ್ತೇವೆ. ಅವರೋ ತಾವು ಬಿಗಿದ ಕೊಂಡಿಯೇ ಮಾತು, ಸರಿಪಡಿಸಿದ ನಲ್ಲಿಯೇ ಮುದ್ದು ಎಂದು ನಂಬಿ, ಮನೆಯವರು ಇದ್ದಲ್ಲೇ ಇರುತ್ತಾರೆಂಬ ಧೈರ್ಯದಲ್ಲಿ ಓಡುತ್ತಿರುತ್ತಾರೆ. ಸ್ಥಿರಚಿತ್ತರು ಸುಮ್ಮನೆ ಕೂರುವುದರಲ್ಲಿ ಹೆಚ್ಚುಗಾರಿಕೆಯೇನಿದೆ, ಅದು ಅವರ ಸ್ವಭಾವ. ಚಂಚಲರು ಕೂರುವುದು ಮಾತ್ರ ಯಾರಿಗಾಗಿಯೋ ಆಗಿರುತ್ತದೆ. ಒಳಗಿನ ಕುದುರೆಗಳನ್ನೆಲ್ಲ ಮೇಜಿನ ಕೆಳಗೆ ಕಟ್ಟಿಹಾಕಿ, ಮುಖವೊಂದನ್ನು ಕದಲದಂತೆ ಒಬ್ಬರ ಮುಂದೆ ಹಿಡಿಯುವ ಆ ಅಲ್ಪಕಾಲದಲ್ಲಿ ಅವರು ಓಡಿದಷ್ಟು ದೂರ ಬೇರೆಲ್ಲೂ ಓಡಿರುವುದಿಲ್ಲ.