ಸತ್ತವರ ಹೆಸರಿನ ಕುಣಿತ

ತ್ರಾಯ್ಲೋ ನಡೆಯಲಾರ, ಆದರೆ ಕುಣಿಯಬಲ್ಲ. ಹೊಸಿಲ ಹತ್ತಿರ ಬಂದರೆ ಸಾಕು, ಮೊಳೆ ಹೊಡೆದಂತೆ ಅವನ ಕಾಲು ನೆಲಕ್ಕೆ ಅಂಟಿಬಿಡುತ್ತಿತ್ತು. ಕೈ ನಡುಗಿಸುವ ರೋಗ ಕಾಲಿಗೂ ಇಳಿದಿತ್ತು. ಅದೇ ಮನುಷ್ಯ, ಹಿರಿಯರ ಕೂಟದ ಸಭಾಂಗಣದಲ್ಲಿ ಯೋನನ ಅಕಾರ್ಡಿಯನ್ ಉಸಿರೆಳೆದುಕೊಂಡ ಕೂಡಲೇ ಎಡಬಲದವರ ಕೈ ಹಿಡಿದು ಸುತ್ತುಕುಣಿತಕ್ಕೆ ಇಳಿಯುತ್ತಿದ್ದ. ತಾಮ್ರದ ಗಣಿಯಲ್ಲಿ ಸವೆದ ಮಂಡಿಗಳು ಎಲ್ಲಿಂದಲೋ ಹರೆಯ ಕಡ ತರುತ್ತಿದ್ದವು. ಕುಣಿದ ದಿನ ಅವನ ಮಾತು ತೊದಲುತ್ತಿರಲಿಲ್ಲ, ನಿದ್ದೆಯೂ ಬರುತ್ತಿತ್ತು. ಅವನ ಹೆಂಡತಿ ಪೆರ್ಸಿದಾಳಿಗೆ ಬದುಕಿನಿಂದ ಬೇಕಾಗಿ ಉಳಿದದ್ದು ಅಷ್ಟೇ.

ಪುರಸಭೆ ಅದನ್ನೂ ಕಿತ್ತುಕೊಂಡಿತು. ಸಭಾಂಗಣವನ್ನು ಬಾಜಿ ಕಟ್ಟುವ ಅಂಗಡಿಯವನಿಗೆ ಬಾಡಿಗೆಗೆ ಕೊಟ್ಟು, ಮುದುಕರನ್ನು ಹಿಂದಿನ ಗೂಡಿನಂಥ ಕೋಣೆಗೆ ತಳ್ಳಿತು.

"ಅಜ್ಜೀ, ಕುಣಿತದ ಯೋಜನೆ ಮುಗೀತಲ್ಲ," ಎಂದಳು ಪುರಸಭೆ ಕಚೇರಿಯ ಗೊರ್ದಾನಾ. "ಚೆನ್ನಾಗೇ ಮುಗೀತು. ನೀವೆಲ್ಲ ಕುಣೀತಿರೋ ಫೋಟೋನೇ ವರದಿ ಮೇಲೆ ಹಾಕಿದೀವಿ."

"ಫೋಟೋ ಕುಣಿಯುತ್ತೇನವ್ವಾ?"

"ಕೋಣೇಲಿ ಡಾಮಿನೋ ಇಟ್ಟಿದೀವಿ. ಮೆದುಳಿಗೆ ಒಳ್ಳೇದು."

"ನನ್ನ ಗಂಡನಿಗೆ ಮೆದುಳಿರೋದು ಕಾಲಲ್ಲಿ. ನಿಮ್ಮದು ಎಲ್ಲಿದೆಯೋ ನಾ ಕಾಣೆ."

ಬೀದಿಯಲ್ಲೇ ಕುಣಿಯೋಣವೆಂದರೆ ಪೊಲೀಸಿನವನು ಪರವಾನಗಿ ಕೇಳಿದ. ಪರವಾನಗಿ ಕೇಳಿದರೆ ಗೊರ್ದಾನಾ ಆಗದೆಂದು ತಲೆಯಾಡಿಸಿದಳು. ಇಬ್ಬರ ನಡುವೆ ಚೆಂಡಿನಂತೆ ಅಲೆದು ಸೋತು ಬಂದ ಪೆರ್ಸಿದಾಳಿಗೆ ದಾರಿ ತೋರಿಸಿದವಳು ಪಕ್ಕದ ಮನೆಯ ದ್ರಾಗಿನ್ಯಾ.

"ಲೇ ಪೆರ್ಸಾ, ಸತ್ತವರ ಕುಣಿತಕ್ಕೆ ಅಡ್ಡ ಬರೋ ಗಂಡಸು ಈ ಊರಲ್ಲಿ ಹುಟ್ಟಿದಾನೇನೇ?"

ಹುಟ್ಟಿರಲಿಲ್ಲ. ಸತ್ತವನ ಹೆಸರು ಕೂಗಿ, ಮುಂದಾಳು ಕೈಯಲ್ಲಿ ಮೇಣದಬತ್ತಿ ಹಿಡಿದು ಕುಣಿದರೆ, ಆ ಕುಣಿತ ಅತ್ತ ಲೋಕದಲ್ಲಿ ಅವನಿಗೆ ಸಲ್ಲುತ್ತದೆ. ಕುಣಿಯಲು ಕರೆದರೆ ಯಾರೂ ಬರುವುದಿಲ್ಲ ಎನ್ನುವಂತಿಲ್ಲ, ತಡೆಯುವಂತಂತೂ ಇಲ್ಲವೇ ಇಲ್ಲ. ತಮಗಾಗಿ ಕುಣಿಸುವವರು ಮುಂದೆ ಯಾರೂ ಇಲ್ಲವೆಂದು ಅಂಜಿದವರು ಬದುಕಿರುವಾಗಲೇ ತಮ್ಮ ಹೆಸರು ಕೂಗಿಸುವುದೂ ಉಂಟು. ಆದರೆ ಹಾಗೆ ಕೂಗಿಸಿಕೊಂಡವರು ಆಮೇಲೆ ಯಾರ ಕುಣಿತದಲ್ಲೂ ಕೈ ಸೇರಿಸುವುದಿಲ್ಲ. ಅವರ ಪಾಲಿನ ಕುಣಿತ ಅತ್ತ ಲೋಕಕ್ಕೆ ಹೋಯಿತು.

ಭಾನುವಾರ ಬಾಜಿ ಅಂಗಡಿಯ ಎದುರಿಗೇ ಶುರುವಾಯಿತು. ಕುಣಿತ ಸಿಗದೆ ಹೋದವರಿಗೇನು ಬರ! ಗಣಿ ನುಂಗಿದವರು, ಧೂಳು ಕೆಮ್ಮಿ ಹೋದವರು, ಗಣಿಯನ್ನು ಮಾರಿದ ಮೇಲೆ ಕುಡಿದು ಕುಡಿದು ಹೋದವರು. ವಾರಕ್ಕೊಬ್ಬರ ಹೆಸರು ಕೂಗಿದರು. ಮುಚ್ಚಿಸಲು ಬಂದ ಪೊಲೀಸಿನವನು ತನ್ನ ಸೋದರಮಾವನ ಹೆಸರು ಕೇಳಿ ಟೋಪಿ ತೆಗೆದು ನಿಂತ. ತ್ರಾಯ್ಲೋ ಕುಣಿದ. ಬದುಕಿದ್ದಾಗ ಈ ಊರು ಮೂರು ಕಾಸಿಗೂ ಎಣಿಸದವರು ಸತ್ತು ಅವನ ಕಾಲನ್ನು ಕಾಪಾಡಿದರು.

ಆಮೇಲೆ ಹೆಸರುಗಳು ಮುಗಿದವು. ಒಂದೇ ಹೆಸರನ್ನು ಎರಡು ಸಲ ಕೂಗಲು ಯಾರಿಗೂ ಧೈರ್ಯವಿಲ್ಲ. ಹಾಗೆ ಕೂಗಿದರೆ, ಏನು ಕಡಿಮೆಯಾಯಿತೆಂದು ಸತ್ತವನು ಎದ್ದು ಬಂದಾನು.

"ಇಷ್ಟು ದೊಡ್ಡ ಊರಲ್ಲಿ ಹೆಣಕ್ಕೂ ಬರ ಬಂತಲ್ಲೇ," ಎಂದಳು ದ್ರಾಗಿನ್ಯಾ. "ಪುರಸಭೆ ಅಧ್ಯಕ್ಷರನ್ನ ಕೇಳಿ ನೋಡೋಣ್ವಾ, ಕೂಟದ ಉಪಕಾರಕ್ಕೆ ಒಂದು ಸಲ ಸತ್ತು ಕೊಡ್ತಾರೇನೋ."

ಪೆರ್ಸಿದಾ ನಗಲಿಲ್ಲ. "ಈ ವಾರ ನನ್ನ ಹೆಸರು ಕೂಗಿ. ನಾನು ಕೂತ್ರೆ ಏನಾಯ್ತು? ಅವನು ಕುಣೀತಾನಲ್ಲ."

ಭಾನುವಾರ ಯೋನ ಅಕಾರ್ಡಿಯನ್ನಿನ ಪಟ್ಟಿಯನ್ನು ಹೆಗಲಿಗೇರಿಸಿ, "ಯಾರದಪ್ಪಾ ಇವತ್ತಿಂದು?" ಎಂದು ಎಂದಿನಂತೆ ಕೇಳಿದ. ಪೆರ್ಸಿದಾ ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಸ್ವರ ಎದ್ದಿತು. ತೊದಲಲಿಲ್ಲ.

"ತ್ರಾಯ್ಲೋದು."

"ಅಯ್ಯೋ, ಏನಂದೆ? ಇಲ್ಲ ಯೋನಣ್ಣ, ನನ್ನದು! ನನ್ನದು ಕೂಗು!"

"ನಾನಿರೋ ಹಾಗೇ ನಿನ್ನನ್ನ ಮುಂದೆ ಕಳಿಸ್ಲೇನೇ?" ಎಂದ ತ್ರಾಯ್ಲೋ. "ನಾನೇನು ಸತ್ತಿದೀನಾ?"

ಬೀದಿಯಲ್ಲಿ ಒಮ್ಮೆ ಬಾಯಿಗೆ ಬಂದ ಹೆಸರನ್ನು ವಾಪಸು ನುಂಗುವಂತಿಲ್ಲ. ಯೋನ ಕಣ್ಣು ಮುಚ್ಚಿಕೊಂಡು ನುಡಿಸಿದ. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಮೇಣದಬತ್ತಿ ಹೆಂಡತಿಯ ಕೈಗೇ ಬರಬೇಕು, ಬಂತು. ಬದುಕಿರುವ ಗಂಡನನ್ನು ನಡುವೆ ಕೂರಿಸಿಕೊಂಡು ಪೆರ್ಸಿದಾ ಅವನ ಸಾವಿನ ಕುಣಿತಕ್ಕೆ ಮುಂದಾಳಾದಳು. ಬಾಜಿ ಅಂಗಡಿಯೊಳಗಿನ ಟಿವಿಯಲ್ಲಿ ಗೋಲು ಬಿದ್ದು ಹೋ ಎಂಬ ಕೂಗೆದ್ದಿತು.

ಮುಗಿದ ಮೇಲೆ ತ್ರಾಯ್ಲೋನಿಗೆ ಏಳಲಾಗಲಿಲ್ಲ. ಕುರ್ಚಿ ಸಮೇತ ಹೊತ್ತು ಮನೆಗೆ ತಂದರು.

ಮರುವಾರ ದ್ರಾಗಿನ್ಯಾ ತನ್ನ ಹೆಸರನ್ನೇ ಕೊಟ್ಟಳು. "ಬಾರೋ, ನಿನಗೋಸ್ಕರ ಸಾಯ್ತಿದೀನಿ," ಎಂದು ಅವನ ಕಿಟಕಿಯ ಹೊರಗೆ ನಿಂತು ಬೈದಳು. ಅವನು ಗೋಡೆಯ ಕಡೆಗೆ ತಿರುಗಿಕೊಂಡ.

ಬೀದಿಯ ದನಿ ಅಡಗಿದ ಮೇಲೆ ಪೆರ್ಸಿದಾ ಅವನ ಕಾಲ ಬುಡದಲ್ಲಿ ಕೂತು ಅದೇ ರಾಗ ಗುನುಗಿದಳು. ಹೊದಿಕೆಯಡಿ ಅವನ ಹಿಮ್ಮಡಿ ಮಿಡಿಯಿತು. ಅವಳು ದನಿ ಏರಿಸಿದಳು. ತ್ರಾಯ್ಲೋ ನಡುಗುವ ಕೈ ಚಾಚಿ, ತನ್ನ ಮಂಡಿಯನ್ನು ಹಿಡಿದು ಕೆಳಕ್ಕೆ ಒತ್ತಿದ.

"ಬೇಡ ಪೆರ್ಸಾ. ನನ್ನ ಪಾಲಿನ ಕುಣಿತ ಕೊಟ್ಟಾಯ್ತು."

"ಯಾರಿಗೆ ಕೊಟ್ಟಾಯ್ತೋ? ಯಾರಿಗೆ?"

ಅವಳು ಗುನುಗುತ್ತಲೇ ಇದ್ದಳು. ಅವನು ಮಂಡಿಯಿಂದ ಕೈ ತೆಗೆಯಲಿಲ್ಲ.