ಮಾದೇವಮ್ಮ ಕಡೆದ ಪಾವ್ಲೋವಾ

"ಇಷ್ಟೊತ್ತಿಗೆ ಬೆಣ್ಣೆ ಬಂದು, ಕಾಯ್ಸಿ ತುಪ್ಪನೂ ಆಗೋಗಿರೋದು," ಎಂದರು ಮಾದೇವಮ್ಮ, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು.

ಸೊಸೆ ಹೇಮಶ್ರೀ ಹಣೆಯ ಬೆವರು ಒರೆಸಿಕೊಂಡಳು. ಆರು ಮೊಟ್ಟೆಯ ಬಿಳಿಯನ್ನು ಎತ್ತರದ ಪಾತ್ರೆಗೆ ಹಾಕಿ, ಕಡಗೋಲನ್ನು ಕಿಟಕಿಯ ಸರಳಿಗೆ ಕಟ್ಟಿ, ಹಗ್ಗ ಎಳೆದೂ ಎಳೆದೂ ಅವಳ ರಟ್ಟೆ ಬಿದ್ದುಹೋಗಿತ್ತು. ಆಸ್ಟ್ರೇಲಿಯಾದವರು ಹಬ್ಬಕ್ಕೆ ಮೊಟ್ಟೆಯ ಬಿಳಿಯನ್ನು ನೊರೆ ಬರಿಸಿ, ಬೇಯಿಸಿ ಮಾಡುವ ಪಾವ್ಲೋವಾ ಎಂಬ ಸಿಹಿಯನ್ನು ಅವಳು ಫೋನಿನಲ್ಲಿ ನೋಡಿದ್ದಳು. ದಟ್ಟಗಳ್ಳಿಯ ಈ ಮನೆಯಲ್ಲಿ ಓವನ್ ಇತ್ತು, ಬೀಟರ್ ಇರಲಿಲ್ಲ. ಮೊಸರು ಕಡೆಯುವ ಕಡಗೋಲು ಮೊಟ್ಟೆ ಕಡೆಯಲಾರದೇ ಎಂಬುದು ಅವಳ ಲೆಕ್ಕಾಚಾರ.

ಅತ್ತೆಗೆ ಏನಾದರೂ ಬಾಯಿಗೆ ಹಿಡಿಸಬೇಕು ಎಂಬ ಹಟ ಅವಳದು. ಲಕ್ವ ಹೊಡೆದು ಬಲಗೈ ಸೋತ ಮೇಲೆ ಮಾದೇವಮ್ಮ ನಾಲ್ಕು ಜನರೆದುರು ಉಣ್ಣುವುದನ್ನೇ ಬಿಟ್ಟಿದ್ದರು. ಎಡಗೈಯಲ್ಲಿ ಉಣ್ಣುವುದುಂಟೇ? ಮಗ ಮಹದೇವ ತುತ್ತು ಕೊಡಲು ಹೋದರೆ ಬಾಯಿ ಬಿಗಿಹಿಡಿಯುತ್ತಿದ್ದರು. ಎಲ್ಲರೂ ಎದ್ದುಹೋದ ಮೇಲೆ ಗೋಡೆಗೆ ಮುಖ ಮಾಡಿ, ಅದೇ ಎಡಗೈಯಲ್ಲಿ ಎರಡು ತುತ್ತು ನುಂಗಿ ತಟ್ಟೆ ಸರಿಸಿಬಿಡುವರು. ತೋಳಲ್ಲಿ ರವಿಕೆ ಜೋಲತೊಡಗಿತ್ತು.

"ಮೊಟ್ಟೆನೇ ಸರಿಯಿಲ್ಲ ಅತ್ತೆ. ಮೋಡದ ಥರ ಉಬ್ಬಬೇಕಿತ್ತು, ನೀರಾಗೇ ಇದೆ."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಏನಂತದೆ ನಿನ್ ಫೋನು?"

"ಜಿಡ್ಡು ಒಂಚೂರೂ ಸೋಕಬಾರದಂತೆ. ಪಾತ್ರೆನ ನಿಂಬೆಹಣ್ಣಲ್ಲಿ ಉಜ್ಜಿದ್ದೀನಲ್ಲ!"

ಮಾದೇವಮ್ಮನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. "ಅಯ್ಯೋ ಪೆದ್ದಿ, ಆ ಕಡಗೋಲು ನಮ್ಮತ್ತೆ ಕಾಲದ್ದು ಕಣವ್ವ. ಬೆಣ್ಣೆ ಕುಡ್ದೂ ಕುಡ್ದೂ ಕೂತದೆ. ಬೆಟ್ಟಕ್ ಹೋದಾಗ ಅಂಗಡೀಲಿ ತಂದಿದ್ದು ಹೊಸದು ಅಟ್ಟದ ಮೇಲದೆ, ಅದ್ನ ತಗಿ."

ಹೊಸ ಕಡಗೋಲು ಬಂತು, ಪಾತ್ರೆ ಮತ್ತೆ ತೊಳೆದು ಬೇರೆ ಮೊಟ್ಟೆ ಒಡೆದದ್ದಾಯಿತು. ಆದರೆ ಹೇಮಶ್ರೀಯ ತೋಳಲ್ಲಿ ಕಸುವು ಉಳಿದಿರಲಿಲ್ಲ.

"ಅತ್ಲಾಗ್ ಸರಿ," ಎಂದು ಮಾದೇವಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆಸಿಕೊಂಡರು. ಹಗ್ಗದ ಒಂದು ತುದಿಯನ್ನು ಬಲಗೈಗೆ ಸುತ್ತಿಸಿಕೊಂಡರು. ಎಡಗೈ ಎಳೆದಾಗ ಬಲಗೈ ಸುಮ್ಮನೆ ಹಗ್ಗದ ಜೊತೆ ಹೋಯಿತು. ಬಲಗೈ ಎಳೆಯುವ ಸರದಿ ಬಂದಾಗ ಹಗ್ಗ ಸಡಿಲವಾಗಿ ಕಡಗೋಲು ನಿಂತೇ ಹೋಯಿತು. ಅವರು ಬಿಡಲಿಲ್ಲ. ಕಡೆಯುವುದೇನು ಅವರಿಗೆ ಹೊಸದೇ? ಸ್ವಲ್ಪ ಹೊತ್ತಿಗೆ ಬಲಗೈ ಗೇಣುದ್ದ ಎಳೆಯಿತು, ಆಮೇಲೆ ಇನ್ನಷ್ಟು.

ಹೇಮಶ್ರೀ ಸಕ್ಕರೆ ಪುಡಿ ಉದುರಿಸುತ್ತ ಪಾತ್ರೆಯೊಳಗೆ ಇಣುಕಿದಳು. ಲೋಳೆ ನೊರೆಯಾಗಿತ್ತು. ನೊರೆ ಗಟ್ಟಿಯಾಗಿ, ಬೆಳ್ಳಗೆ ಮಿರಮಿರ ಮಿಂಚುತ್ತ ಕಂಠದವರೆಗೂ ಏರಿತು. ಹದ ಬಂತೇ ಎಂದು ನೋಡಲು, ಫೋನಿನಲ್ಲಿ ಕಂಡ ಹಾಗೆ, ಅವಳು ಪಾತ್ರೆಯನ್ನು ಎತ್ತಿ ಅತ್ತೆಯ ತಲೆಯ ಮೇಲೆ ಬೋರಲು ಹಿಡಿದಳು.

"ಏಯ್, ಮಾಡ್ಬುಟ್ಟೆಯಲ್ಲೇ!" ಮಾದೇವಮ್ಮ ಕಣ್ಣು ಮುಚ್ಚಿದರು. ಒಂದು ಹನಿಯೂ ಬೀಳಲಿಲ್ಲ. ಮೆಲ್ಲಗೆ ಕಣ್ಣು ಬಿಟ್ಟು ಮೇಲೆ ನೋಡಿದರು. "ಬರೀ ಲೋಳೆ ಕಣವ್ವ ಅದು. ಎಂಗ್ ನಿಂತ್ಕಂಡದೆ ನೋಡು!"

ನೊರೆಯನ್ನು ತಟ್ಟೆಗೆ ಸುರಿದು ಓವನ್ನಿಗಿಟ್ಟು, ಅದರ ಗಾಜಿನ ಮುಂದೆ ಇಬ್ಬರೂ ದೇವರ ಮುಂದೆ ಕೂತವರ ಹಾಗೆ ಕೂತರು.

ಬೆಂದು ಆರಿದ ಮೇಲೆ ಹೇಮಶ್ರೀ ಅದರ ಮೇಲೆ ಕ್ರೀಮು, ನಂಜನಗೂಡು ರಸಬಾಳೆಯ ಹೋಳು ಇಟ್ಟು ಅತ್ತೆಗೆ ಒಂದು ತುಂಡು ಹಾಕಿದಳು. ಎಂದಿನಂತೆ ಎದ್ದು ಹೊರಟಳು.

"ಎಲ್ಲಿಗೋಯ್ತೀಯ? ಕೂತ್ಕೊ."

ಸೆರಗಿನೊಳಗಿಂದ ಬಲಗೈ ಹೊರಬಂತು. ಅನ್ನದ ತುತ್ತಿಗೆ ಸೋಲುತ್ತಿದ್ದ ಬೆರಳುಗಳು ಅಂಚಿನ ಒಂದು ಚೂರು ಮುರಿದವು. ಅದಕ್ಕೆ ತೂಕವೇ ಇರಲಿಲ್ಲ. ಮೇಲಕ್ಕೆದ್ದ ಕೈ ಎದೆಯ ಹತ್ತಿರ ನಿಂತುಬಿಟ್ಟಿತು. ಹೇಮಶ್ರೀ ತನಗೆ ಗೊತ್ತಿಲ್ಲದೆ ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಬಿಗಿಯಾಗಿ ಹಿಡಿದಳು. ಅತ್ತೆಯ ಕೈ ಮತ್ತೆ ಮೇಲೆದ್ದಿತು, ಗಲ್ಲಕ್ಕೆ ತಾಗಿತು, ಬಾಯಿ ಸೇರಿತು.

ಚೂರು ಹಲ್ಲಿಗೆ ಸಿಕ್ಕಿ ಚಟ್ಟೆಂದಿತು.

"ಎಲ್ಲೋಯ್ತು? ನಾನು ನುಂಗೇ ಇಲ್ವಲ್ಲ!" ಮಾದೇವಮ್ಮ ಸೊಸೆಯನ್ನು ಕಣ್ಣರಳಿಸಿ ನೋಡಿದರು.

ಗಲ್ಲದ ಮೇಲೆ ಕ್ರೀಮು ಮೆತ್ತಿಕೊಂಡಿತ್ತು. ಒರೆಸಿಕೊಳ್ಳದೆ, ಅವರು ಮತ್ತೆ ಬಲಗೈಯನ್ನೇ ತಟ್ಟೆಗೆ ಚಾಚಿದರು.